ಏಳು ಸೆಕೆಂಡಿನ ಗಾಯಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ಯಂತ್ರದ್ದಲ್ಲ, ಟೇಪಿನದ್ದೂ ಅಲ್ಲ, ನನ್ನ ಬಾಯಿಯದ್ದು.

ಎರಡು ವರ್ಷದ ಹಿಂದಿನ ಮಾತು. ಮ್ಯೂನಿಕ್‌ನಲ್ಲಿ ಹಳೆಯ ಟೇಪುಗಳನ್ನು ರಿಪೇರಿ ಮಾಡುವ ಪುಟ್ಟ ಸ್ಟುಡಿಯೋಗೆ ಸೌಂಡ್ ಎಂಜಿನಿಯರ್ ಆಗಿ ಸೇರಿ ಏಳು ತಿಂಗಳಾಗಿತ್ತು. ಅಲ್ಲಿದ್ದವರು ಮೂವರೇ: ಒಡತಿ ಫ್ರೌ ಹುಬರ್, ಕೇಟಲಾಗ್ ನೋಡಿಕೊಳ್ಳುವ ಧಾರವಾಡದ ಸುಮಕ್ಕ, ಮೈಸೂರಿನ ನಾನು. ಫ್ರೌ ಹುಬರ್ ಪ್ರತಿ ಮಾತಿಗೂ ಮುಂಚೆ ಮೇಜು ತಟ್ಟಿ ‘ಸರಿ ಹಾಗಾದರೆ’ ಎಂಬಂತೆ ಹೇಳುವ ‘ಝೋ!’, ಸುಮಕ್ಕ ಫೋನಿನಲ್ಲಿ ಅಮ್ಮನ ಜೊತೆ ಆಡುವ ಜಗಳ, ಯು-ಬಾನ್ ಮೆಟ್ರೋ ಬಾಗಿಲಿನ ಪ್ರಕಟಣೆ, ಸಂದರ್ಶನದ ದಿನ ನಾನೇ ತೊದಲಿದ ಜರ್ಮನ್, ಎಲ್ಲವನ್ನೂ ಅನುಕರಿಸಿ ತೋರಿಸುವುದು ನನ್ನ ಸಂಬಳವಿಲ್ಲದ ಉಪವೃತ್ತಿ.

ಆಗ ನಮ್ಮ ಕೈಗೆ ಬಂದದ್ದು ಹೆರ್ ಬ್ರಾಂಟ್ ಎಂಬ ಎಂಬತ್ತು ದಾಟಿದ ಧ್ವನಿ ತಂತ್ರಜ್ಞರ ಟೇಪು. ಅಮೆರಿಕದ ಒಬ್ಬ ದೊಡ್ಡ ಗೀತರಚನಕಾರ-ಗಾಯಕ ಯೌವನದಲ್ಲಿ ಇಲ್ಲಿನ ಸಣ್ಣ ಸಭಾಂಗಣವೊಂದರಲ್ಲಿ ಹಾಡಿದಾಗ ಹೆರ್ ಬ್ರಾಂಟ್ ಧ್ವನಿ ಮಿಕ್ಸರ್ ಮುಂದೆ ಕೂತು ಮಾಡಿಕೊಂಡಿದ್ದ ರೆಕಾರ್ಡಿಂಗ್. ಆತ ಮುಂದೆಂದೂ ಸ್ಟುಡಿಯೋದಲ್ಲಿ ಹಾಡದ ಹಾಡೊಂದು ಅದರಲ್ಲಿತ್ತು. ಅದನ್ನು ಎಲ್‌ಪಿ ರೆಕಾರ್ಡಾಗಿ ತರಲು ಗಾಯಕನ ಕಚೇರಿ ಒಪ್ಪಿತ್ತು, ಒಂದೇ ಷರತ್ತಿನ ಮೇಲೆ: ಕೊಳೆ ಒರೆಸಬಹುದು, ಟೇಪಿನಲ್ಲಿ ಇಲ್ಲದ ಒಂದು ಸದ್ದನ್ನೂ ಸೇರಿಸುವಂತಿಲ್ಲ. ಸೇರಿಸಿದರೆ ಅನುಮತಿ ರದ್ದು. ಹೆರ್ ಬ್ರಾಂಟ್ ನಮ್ಮನ್ನು ಕೇಳಿದ್ದು ಒಂದೇ ಮಾತು: “ನಾನು ಇರುವಾಗಲೇ ಬರುತ್ತದಲ್ಲ?”

ಆ ಹಾಡಿನ ಮಧ್ಯೆ ಏಳು ಸೆಕೆಂಡು ಟೇಪಿನ ಲೇಪನ ಉದುರಿಹೋಗಿತ್ತು. ದನಿ ಕಂಬಳಿಯೊಳಗಿಂದ ಬಂದಂತಿತ್ತು. ನಾಲ್ಕು ದಿನ ಕೂತು ಆದಷ್ಟು ಶುಚಿ ಮಾಡಿದೆ. ಅಷ್ಟರಲ್ಲಿ ಮೂಗಿನಿಂದಲೇ ಹಾಡುವ ಆ ಗಾಯಕನ ಮೂಗು ನನ್ನ ಮೂಗಾಗಿಬಿಟ್ಟಿತ್ತು. ಬುಧವಾರ ಮಧ್ಯಾಹ್ನ ಸುಮ್ಮನಿರಲಾರದೆ ಆ ಸಾಲನ್ನು ನಾನೇ ಹಾಡಿ, ಅದಕ್ಕೂ ಅದೇ ಕಂಬಳಿ ಹೊದಿಸಿ, ಮೇಲೆ ಹಳೆಯ ಟೇಪಿನ ಸುಂಯ್‌ಗುಟ್ಟುವಿಕೆ ಬಳಿದು, ಅದೇ ಏಳು ಸೆಕೆಂಡಿನಲ್ಲಿ ಕೂರಿಸಿದೆ. ಸುಮಕ್ಕನಿಗೆ ‘ಯಾವುದು ನಾನು, ಹೇಳಿ’ ಎಂದು ಸವಾಲು ಹಾಕುವ ಆಸೆ. ಅಸಲಿ ಫೈಲಿಗೂ ನಕಲಿಗೂ ಬರೀ ‘ಒಂದು’, ‘ಎರಡು’ ಎಂದು ಹೆಸರು. ಆಟದಲ್ಲಿ ನಾನೂ ಇರಲಿ ಎಂದು ಕಣ್ಣುಮುಚ್ಚಿ ಹೆಸರುಗಳನ್ನು ಅದಲುಬದಲು ಬೇರೆ ಮಾಡಿದೆ. ಸುಮಕ್ಕ ಮಗಳ ಶಾಲೆಗೆ ಹೋದವರು ವಾಪಸಾಗಲಿಲ್ಲ. ಒಡತಿಯ ಕಣ್ಣಿಗೆ ಬೀಳದಿರಲೆಂದು ನನ್ನ ಬಿಡಿ ರೆಕಾರ್ಡಿಂಗನ್ನು ಅಳಿಸಿ ಮನೆಗೆ ಹೋದೆ. ಆ ಎರಡು ಫೈಲು ಮಾತ್ರ ಅಲ್ಲೇ ಉಳಿದವು.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಫ್ರೌ ಹುಬರ್ ಸಂದೇಶ: “ಎರಡನೆಯದು ಕೂದಲೆಳೆಯಷ್ಟು ಸ್ಪಷ್ಟವಾಗಿದೆ, ಅದನ್ನೇ ಕಳಿಸಿದ್ದೇನೆ. ಹತ್ತು ಗಂಟೆಗೆ ಕಟಿಂಗ್.” ಕಟಿಂಗ್ ಎಂದರೆ ಎಲ್‌ಪಿಯ ಅಚ್ಚಿಗಾಗಿ ತಟ್ಟೆಯ ಮೇಲೆ ಸೂಜಿಯಿಂದ ಹಾಡನ್ನು ಕೊರೆಯುವುದು. ಕೊರೆದದ್ದೇ ಎಲ್ಲ ಪ್ರತಿಗಳಿಗೂ. ಟೇಪನ್ನೂ ಅದರ ಮೂಲ ಪ್ರತಿಯ ಡಿಸ್ಕನ್ನೂ ಹೆರ್ ಬ್ರಾಂಟ್‌ಗೆ ಒಪ್ಪಿಸಲು ಆಕೆ ರೈಲು ಹತ್ತಿಯಾಗಿತ್ತು. ಹೋಲಿಸಿ ನೋಡಲು ನನ್ನ ಬಳಿ ಏನೂ ಇರಲಿಲ್ಲ. ಆಕೆಯ ಫೋನ್ ಸಿಗಲಿಲ್ಲ.

ಎರಡನ್ನೂ ಆರು ಸಲ ಕೇಳಿದೆ. ಯಾವುದು ನಾನೆಂದು ನನಗೇ ತಿಳಿಯಲಿಲ್ಲ. ನನ್ನ ಜೀವನದ ಅತ್ಯುತ್ತಮ ಮಿಮಿಕ್ರಿ. ಚಪ್ಪಾಳೆ ತಟ್ಟಬೇಕಾದವನು ಗಡಿಯಾರ ನೋಡುತ್ತಿದ್ದೆ. ಕಟಿಂಗಿನವರಿಗೆ ಫೋನ್ ಮಾಡಿ ನಿಲ್ಲಿಸಬಹುದಿತ್ತು. ಆದರೆ ಹೋಗಿರುವುದು ಅಸಲಿಯೇ ಆಗಿದ್ದರೆ ಸುಮ್ಮನೆ ಯಾಕೆ ಸಿಕ್ಕಿಬೀಳಲಿ ಎಂಬ ಹೇಡಿತನ.

ಒಂಬತ್ತೂ ಮೂವತ್ತೈದಕ್ಕೆ ಸುಮಕ್ಕ ಸೈಕಲ್ ಹೆಲ್ಮೆಟ್ ಸಮೇತ ಒಳಗೆ ಬಂದರು.

“ಯಾಕೋ, ಮಾರಿ ಹಿಂಗ ಬಿಳಚಿಕೊಂಡೈತಿ? ಇವತ್ತ ಯಾರ ಮಿಮಿಕ್ರಿ ಇದು, ದೆವ್ವದ್ದೇನು?”

“ಅಕ್ಕಾ, ಸತ್ತೆ ನಾನು. ಇದನ್ನ ಕೇಳಿ. ಯಾವ್ದು ನಾನು ಹೇಳಿ, ಬೇಗ.”

ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಸುಮಕ್ಕ ಹೆಲ್ಮೆಟ್ ತೆಗೆದು ಹೆಡ್‌ಫೋನ್ ಹಾಕಿಕೊಂಡರು. ಒಂದೊಂದನ್ನೂ ಒಂದೇ ಸಲ ಕೇಳಿದರು.

“ಎರಡನೇದು ನೀನ.”

“ಖಂಡಿತಾನಾ? ಹೆಂಗೆ?”

“ಅವ ‘ಎವ್ರಿ’ ಅಂತಾನ. ನೀ ‘ಯೆವ್ರಿ’ ಅಂತೀ. ನಾನೂ ಹಂಗ ಅಂತೀನಿ, ನನ್ನ ಮಗಳು ದಿನಾ ನಗತಾಳ. ಅವನ ಮೂಗಷ್ಟ ತಗೊಂಡೀಯಪಾ, ಬಾಯಿ ನಿಂದ ಉಳದೈತಿ.”

ಮತ್ತೆ ಕೇಳಿದೆ. ಹೌದು, ಆ ‘ಎ’ ಹಿಂದೆ ನಮ್ಮೂರಿನ ‘ಯ’ ಇಣುಕುತ್ತಿತ್ತು.

ಒಂಬತ್ತೂ ಐವತ್ತಕ್ಕೆ ಕಟಿಂಗಿನವರು ಫೋನ್ ಎತ್ತಿದರು. ತಟ್ಟೆ ಏರಿಸಿಯಾಗಿದೆ, ನಿಲ್ಲಿಸಲು ಫ್ರೌ ಹುಬರ್ ಅವರೇ ಹೇಳಬೇಕು ಎಂದರು. ‘ಝೋ!’ ನನ್ನ ಗಂಟಲಿಗೆ ಬಂದು ಕೂತಿತ್ತು. ಒಡತಿಯ ದನಿ ನನಗೆ ನೀರು ಕುಡಿದಷ್ಟು ಸಲೀಸು. “ಲೈನಿನಲ್ಲೇ ಇರಿ, ಅವರಿಗೇ ಫೋನ್ ಕೊಡ್ತೀನಿ” ಎಂದುಬಿಟ್ಟೆ.

ಸುಮಕ್ಕ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. “ಏ, ನಿನ್ನ ದನಿಯೊಳಗ ಮಾತಾಡೋ.”

ನನ್ನ ದನಿ ಯಾವುದೆಂದು ಹುಡುಕಲು ಒಂದು ಕ್ಷಣ ಬೇಕಾಯಿತು. “ಫ್ರೌ ಹುಬರ್ ಇಲ್ಲಿಲ್ಲ. ಆ ಫೈಲಿನಲ್ಲಿ ಏಳು ಸೆಕೆಂಡು ಹಾಡಿರುವುದು ನಾನು. ದಯವಿಟ್ಟು ನಿಲ್ಲಿಸಿ.”

ಆ ಕಡೆ ಯಾರನ್ನೋ ಕೂಗಿ ಕೇಳಿದರು. ಆಮೇಲೆ: “ಸೂಜಿ ಇನ್ನೂ ಇಳಿಸಿಲ್ಲ.”

ಒಂದನೆಯ ಫೈಲು ಕಳಿಸಿದೆ, ಕಂಬಳಿಯೊಳಗಿನ ಅಸಲಿ ದನಿಯೇ ಅಚ್ಚಾಯಿತು. ಆ ಎಲ್‌ಪಿಯ ಮೊದಲ ಪ್ರತಿಯನ್ನು ಹೆರ್ ಬ್ರಾಂಟ್ ಸ್ವಂತ ಕೈಯಲ್ಲಿ ಹಿಡಿದು ನೋಡಿದರು. ಕೆಡದೆ ಉಳಿದದ್ದನ್ನು ಕಾಪಾಡುವುದಷ್ಟೇ ರಿಪೇರಿಯಲ್ಲ, ಹೋದದ್ದನ್ನು ಹೋದ ಹಾಗೆಯೇ ಬಿಡುವುದೂ ರಿಪೇರಿ. ಈ ಕೆಲಸ ನನಗೆ ಕಲಿಸಿದ್ದು ಅದನ್ನು.

ಅದಕ್ಕೂ ಮುಂಚೆ, ಅದೇ ಗುರುವಾರ ಹನ್ನೊಂದಕ್ಕೆ, ಫ್ರೌ ಹುಬರ್ ಸ್ಟೇಷನ್ನಿನಿಂದ ಫೋನ್ ಮಾಡಿದ್ದರು. ಒಂದನ್ನೂ ಬಿಡದೆ ಹೇಳಿದೆ. ಕೆಲಸ ಹೋಯಿತೆಂದೇ ಅಂದುಕೊಂಡೆ. ಅಷ್ಟಾದರೂ ನಾಲಿಗೆ ಸುಮ್ಮನಿರಬೇಕಲ್ಲ?

“ಆದರೆ ಫ್ರೌ ಹುಬರ್, ನಿಮಗೂ ಗೊತ್ತಾಗಲಿಲ್ಲವಲ್ಲ?”

“ಝೋ!” ಎಂದರು. “ನನಗೆ ಗೊತ್ತಾಗುವ ಹಾಗಿದ್ದರೆ ನಿಮ್ಮನ್ನು ಯಾಕೆ ಇಟ್ಟುಕೊಳ್ಳುತ್ತಿದ್ದೆ?”