ಪದ್ಮಾ ಆಂಟಿಯ ಕಿವಿಗೆ ಬಿದ್ದ ನನ್ನ ಹಾಡು

ಗೆಳೆಯರೇ, ಇವತ್ತು ವಿದೇಶದ ನಮ್ಮೂರು ಮಾಲ್ಟನ್ನಿನ ಇಂಡಿಯನ್ ಅಂಗಡಿಯಲ್ಲಿ ಅಕ್ಕಿ ಮೂಟೆಗಳ ಹಿಂದೆ ಅವಿತುಕೊಂಡೆ. ಎದುರಿಗೆ ಬರುತ್ತಿದ್ದವರು ನಿವೃತ್ತ ಡಾಕ್ಟರ್ ಪದ್ಮಾ ಆಂಟಿ. ಕಳೆದ ತಿಂಗಳು ಅವರು ನಮ್ಮ ಕನ್ನಡ ಕೂಟದಲ್ಲಿ ಹಾಡಿದಾಗ, ಅವರದೊಂದು ಸ್ಕೆಚ್ ಬರೆದು, ‘ಶ್ರುತಿ ಒಂದು ಕಡೆ, ಹಾಡು ಒಂದು ಕಡೆ’ ಎಂದು ಇಲ್ಲೇ ಪೋಸ್ಟ್ ಹಾಕಿದ್ದೆ.

ಆಂಟಿ ಹಿಡಿದೇಬಿಟ್ಟರು.

“ಬಾರೋ ಇಲ್ಲಿ. ಎಲ್ರೂ ಸೂಪರ್ ಆಂಟಿ ಅಂದ್ರು, ನೀನೊಬ್ನೇ ನಿಜ ಬರ್ದಿದ್ದು. ಡೌಟ್ ಬಂದು ಕಿವಿ ಟೆಸ್ಟ್ ಮಾಡಿಸ್ದೆ. ನೋಡು, ಹಿಯರಿಂಗ್ ಏಡ್!”

“ಸಾರಿ ಆಂಟಿ” ಎಂದೆ.

“ಸಾರಿ ಯಾಕೋ? ಈಗ ಎಲ್ಲಾ ಕ್ಲಿಯರಾಗಿ ಕೇಳ್ಸುತ್ತೆ. ನಿನ್ನೆ ಕೂಟದ ಯುಗಾದಿ ವಿಡಿಯೋದಲ್ಲಿ ನಿನ್ನ ಹಾಡೂ ಕೇಳ್ದೆ. ನಾನೂ ಒಂದು ಪೋಸ್ಟ್ ಹಾಕ್ಲಾ?”

ಇನ್ನು ಮುಂದೆ ಇಲ್ಲಿ ನನ್ನ ಕಥೆ, ಸ್ಕೆಚ್ ಮಾತ್ರ ಬರುತ್ತವೆ. ಸಂಗೀತದ ವಿಷಯ ಆಂಟಿಯನ್ನೇ ಕೇಳಿ.