ಖೊಟ್ಟಿ ಅಲ್ಲ, ತಪ್ಪಿದ್ದು

ಬೆಳಗಿನ ಐದೂವರೆ. ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಕತ್ತಲೆ. ಬಾಗೇವಾಡಿಗೆ ಹೋಗುವ ಮೊದಲ ಬಸ್ಸು ಗುರುಗುಡುತ್ತ ನಿಂತಿದೆ, ಹೊರಡುವ ಲಕ್ಷಣ ಕಾಣುತ್ತಿಲ್ಲ. ಟಿಕೆಟ್ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಶೇವಂತೆವ್ವ ಬುಟ್ಟಿ ಇಳಿಸಿ ಮುಚ್ಚಿದ ಬಟ್ಟೆ ಸರಿಸುವಷ್ಟರಲ್ಲಿ ನಾಲ್ಕು ಕೈಗಳು ಮುಂದೆ ಬಂದಾಗಿದೆ. ಎರಡು ಜೋಳದ ರೊಟ್ಟಿ, ಮೇಲೆ ಒಂದಿಷ್ಟು ಪುಂಡಿಪಲ್ಯ, ಚಿಟಿಕೆ ಶೇಂಗಾ ಹಿಂಡಿ, ಎಲ್ಲ ಸೇರಿ ಐವತ್ತು ಪೈಸೆ. ಕೊಟ್ಟ ಚಿಲ್ಲರೆಯನ್ನು ಅವಳು ಕಣ್ಣಿನಿಂದ ನೋಡುವುದಿಲ್ಲ. ಹೆಬ್ಬೆರಳು, ತೋರುಬೆರಳುಗಳ ನಡುವೆ ಒಮ್ಮೆ ತಿರುವಿ ಸೊಂಟದ ಚೀಲಕ್ಕೆ ಹಾಕುತ್ತಾಳೆ.

ಸಿಂದಗಿ ಕಡೆಯವನೊಬ್ಬ ರೊಟ್ಟಿ ತಿಂದು ಕೈ ತೊಳೆದು, ಗುಟ್ಟು ಹೇಳುವವನಂತೆ ಬಗ್ಗಿ ಒಂದು ನಾಣ್ಯ ಅವಳ ಅಂಗೈಯಲ್ಲಿ ಇಡುತ್ತಾನೆ. "ಅವ್ವಾ, ನಿನಗಂತ ತಂದೇನಿ. ಎಂಥಾದ್ದು ನೋಡು." ಶೇವಂತೆವ್ವನ ಬೆರಳಿಗೆ ಅರೆಕ್ಷಣ ಸಾಕು. ನಾಣ್ಯ ತೆಳ್ಳಗಾಗಿದೆ, ಒಂದು ಕಡೆ ಉದ್ದವಾಗಿದೆ.

"ಇದು ರೈಲಿನ ಗಾಲಿಗೆ ಸಿಕ್ಕಿದ್ದು."

"ಹೌದವ್ವಾ. ಇಂಡಿ ರೋಡ ಸ್ಟೇಶನ್ನಿನ್ಯಾಗ ನಾನ ಇಟ್ಟಿದ್ದೆ."

"ಹಂಗಾರ ಅದು ನಿನ್ನ ತಪ್ಪೋ ತಮ್ಮಾ. ನನಗ ಸರ್ಕಾರದ ತಪ್ಪು ಬೇಕು. ತಗೋ, ಒಯ್ಯಿ."

ಇಂಥವರು ವಾರಕ್ಕೆ ಮೂರು ಮಂದಿಯಾದರೂ ಬರುತ್ತಾರೆ. ಕಲ್ಲಿಗೆ ತಿಕ್ಕಿ ಸವೆಸಿದ್ದು, ಸುತ್ತಿಗೆಯಿಂದ ಬಡಿದದ್ದು, ಒಲೆಯಲ್ಲಿ ಹಾಕಿ ಕಪ್ಪು ಮಾಡಿದ್ದು, ಸೀಸದಲ್ಲಿ ಎರಕ ಹೊಯ್ದ ಶುದ್ಧ ಮೋಸದ್ದು, ಎಲ್ಲವೂ ಶೇವಂತೆವ್ವನ ಬುಟ್ಟಿಯ ಮುಂದೆ ಬರುತ್ತವೆ. ಹತ್ತು ವರ್ಷದಿಂದ ಹೇಳಿ ಹೇಳಿ ಅವಳ ಗಂಟಲು ಹರಿದಿದೆ. ಅವಳು ಕೂಡಿಸುವುದು ಟಂಕಸಾಲೆಯಿಂದಲೇ ತಪ್ಪಿ ಹುಟ್ಟಿಬಂದ ನಾಣ್ಯಗಳನ್ನು. ಅಂಕಿ ಅರ್ಧ ಅಂಚಿನಾಚೆ ಜಾರಿಹೋದ ಐದು ಪೈಸೆ, ಇಲಿ ಕಚ್ಚಿದಂತೆ ಅಂಚು ಕತ್ತರಿಸಿಕೊಂಡ ಎರಡು ಪೈಸೆ, ಅಚ್ಚು ಎರಡು ಸಲ ಬಿದ್ದು ಸಿಂಹದ ಮೇಲೆ ಸಿಂಹ ಕೂತ ಇಪ್ಪತ್ತೈದು ಪೈಸೆ. ಇಷ್ಟು ಸರಳ ಮಾತು ಊರಿಗೆ ಅರ್ಥವಾಗುವುದಿಲ್ಲ. ಊರಿಗೆ ಒಂದೇ ಶಬ್ದ ಗೊತ್ತು, ಖೊಟ್ಟಿ.

"ಖೊಟ್ಟಿ ಅಂದ್ರ ಕಳ್ಳ ಮಾಡಿದ್ದು. ಇದು ಸರ್ಕಾರ ಮಾಡಿದ್ದು, ಮಾಡೂವಾಗ ಕೈ ತಪ್ಪಿದ್ದು. ಖೊಟ್ಟಿ ಬ್ಯಾರೆ, ತಪ್ಪಿದ್ದು ಬ್ಯಾರೆ. ಸಣ್ಣ ಕೂಸಿಗೆ ತಿಳೀತೈತ್ರಿ, ಈ ಊರಿಗೆ ತಿಳಿಯಂಗಿಲ್ಲ" ಎಂದು ಶೇವಂತೆವ್ವ ರೊಟ್ಟಿ ಎಣಿಸುತ್ತಲೇ ಸಿಡುಕುತ್ತಾಳೆ.

ಅವಳಿಗೀಗ ಐವತ್ತರ ಮೇಲೆ ಒಂದೆರಡು. ಅಕ್ಷರ ಬರುವುದಿಲ್ಲ. ಮೂರು ಗಂಟೆಗೆ ಎದ್ದು ಒಲೆ ಹಚ್ಚಿದರೆ ಬೆಳಗಾಗುವುದರೊಳಗೆ ಎಂಬತ್ತು ರೊಟ್ಟಿ, ಸಂತೆಯ ದಿನ ನೂರಿಪ್ಪತ್ತು. ಗಂಡ ಪರಸಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಮೂಟೆ ಹೊತ್ತು ಹೊತ್ತು ಅವನ ಸೊಂಟ ಹೋಗಿ ನಾಲ್ಕು ವರ್ಷವಾಯಿತು. ಈಗ ಬರಿ ಚೀಲ ಹೊಲಿಯುತ್ತಾನೆ, ಹೆಂಡತಿಯ ಹವ್ಯಾಸದ ಮೇಲೆ ಟೀಕೆ ಮಾಡುತ್ತಾನೆ. "ಕಲ್ಲು ಕೂಡಿಸಿದ್ರ ಒಂದು ಕಂಪೌಂಡ ಗ್ವಾಡಿಯರ ಆಗತಿತ್ತು" ಎಂಬುದು ಅವನ ಖಾಯಂ ಮಾತು. ಮೂವರು ಮಕ್ಕಳಲ್ಲಿ ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿದೆ, ಕೊನೆಯವಳು ಸುಮಿತ್ರಾ.

ಈ ಹುಚ್ಚು ಹತ್ತಿದ್ದು ಹಿತ್ತಾಳೆಯ ಹತ್ತು ಪೈಸೆಯೊಂದರಿಂದ. ಇಂಥದೇ ಒಂದು ಬೆಳಗಿನ ಕತ್ತಲಲ್ಲಿ ಯಾರೋ ಕೊಟ್ಟುಹೋದರು. ಒಂದು ಮೈಯಲ್ಲಿ ಸಿಂಹ ಉಬ್ಬಿದೆ, ತಿರುವಿದರೆ ಅಂಕಿಯ ಜಾಗದಲ್ಲೂ ಅದೇ ಸಿಂಹ, ಆದರೆ ಒಳಗೆ ತಗ್ಗಾಗಿ, ಉಲ್ಟಾ. ಕಿರಾಣಿ ಅಂಗಡಿಯವನು ತೆಗೆದುಕೊಳ್ಳಲಿಲ್ಲ, ಹಿಟ್ಟಿನ ಗಿರಣಿಯವನು ಕೈಯಲ್ಲೂ ಹಿಡಿಯಲಿಲ್ಲ, ಕಂಡಕ್ಟರು ಬಸ್ಸಿನಿಂದ ಇಳಿಸುತ್ತೇನೆಂದ. ಎಲ್ಲರ ಬಾಯಲ್ಲೂ ಖೊಟ್ಟಿ. ಕೊನೆಗೆ ದಿನಾ ತನ್ನಲ್ಲಿ ರೊಟ್ಟಿ ಕೊಳ್ಳುವ ಹೈಸ್ಕೂಲು ಮಾಸ್ತರ ಚನ್ನಬಸಯ್ಯನವರಿಗೆ ತೋರಿಸಿದಳು. ಮಾಸ್ತರು ಪ್ರಯೋಗಶಾಲೆಯ ಭೂತಗನ್ನಡಿ ತಂದು ನೋಡಿ, ಮೊದಲು ಅಚ್ಚಾದ ನಾಣ್ಯ ಅಚ್ಚಿನಲ್ಲೇ ಅಂಟಿ ಉಳಿದಿದ್ದರಿಂದ ಮುಂದಿನದರ ಮೇಲೆ ಅದರದೇ ಗುರುತು ಬಿದ್ದಿದೆ ಎಂದು ತಿಳಿಸಿ ಹೇಳಿದರು. ಟಂಕಸಾಲೆ ಕಾಣದ ಹೆಂಗಸಿಗೆ ಆ ಮಾತು ಒಂದೇ ಏಟಿಗೆ ಅರ್ಥವಾಯಿತು. ರೊಟ್ಟಿಯೂ ಹಂಚಿಗೆ ಅಂಟುತ್ತದಲ್ಲ.

"ನಾ ಎಂಬತ್ತು ಬಡದ್ರ ಎರಡು ಹರೀತಾವು. ಸರ್ಕಾರ ಕೋಟಿಗಟ್ಲೆ ಬಡೀತೈತಿ, ಅದಕ್ಕ ಹರಿಯಂಗಿಲ್ಲೇನ್ರಿ? ಹರದ ರೊಟ್ಟಿ ನಾ ಗಿರಾಕಿಗೆ ಕೊಡಂಗಿಲ್ಲ, ಕಸಕ್ಕೂ ಒಗಿಯಂಗಿಲ್ಲ, ಮನ್ಯಾಗ ನಾವ ತಿಂತೇವಿ. ಇವೂ ಹಂಗ. ಎಲ್ಲಾರೂ ಬ್ಯಾಡಂದ್ರು, ನಾ ಇಟ್ಟುಕೊಂಡೆ." ಅಂಥ ಒಂದೊಂದನ್ನು ಡಬ್ಬಿಗೆ ಹಾಕುವಾಗಲೂ ಅಷ್ಟೇ ಬೆಲೆಯ ಒಳ್ಳೆಯ ನಾಣ್ಯವನ್ನು ಮನೆಖರ್ಚಿನಲ್ಲಿ ಕಡಿಮೆ ಮಾಡಿಕೊಂಡಿದ್ದಾಳೆ. ಒಂಬತ್ತು ವರ್ಷದಲ್ಲಿ ಅವು ಅರವತ್ತಮೂರಾದವು.

ಅಷ್ಟರಲ್ಲಿ ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಮಸೂತಿ ಎಂಬ ಊರಿನ ಗುರಲಿಂಗಪ್ಪ ಮಗನನ್ನು ಕರೆದುಕೊಂಡು ಸುಮಿತ್ರಾಳನ್ನು ನೋಡಲು ಬಂದ. ಹುಡುಗ ಗೊಳಸಂಗಿಯ ಸೊಸೈಟಿಯಲ್ಲಿ ಕಾರಕೂನ, ಮೆಲುಮಾತಿನವನು. ಬಸ್ಸಿಳಿದ ಅಪ್ಪ ಸ್ಟ್ಯಾಂಡಿನ ಪಾನ್‌ಪಟ್ಟಿ ಅಂಗಡಿಯಲ್ಲಿ ಶೇವಂತೆವ್ವನ ಮನೆ ಯಾವುದೆಂದು ಕೇಳಿದ. ಪಾನ್‌ಪಟ್ಟಿ ಖಂಡೆಪ್ಪ ಕೆಟ್ಟವನಲ್ಲ, ಆದರೆ ಬಾಯಿಗೆ ಬೀಗ ಇಲ್ಲ. "ಖೊಟ್ಟಿ ರೊಕ್ಕದ ಶೇವಂತೆವ್ವನ ಮನೀನ? ಹಿಂಗ ಸೀದಾ ಹೋಗ್ರಿ" ಎಂದುಬಿಟ್ಟ.

ಹುಡುಗಿ ನೋಡಿದ್ದಾಯಿತು. ಅವಲಕ್ಕಿ, ಚಹಾ ಆಯಿತು. ಹುಡುಗನಿಗೆ ಹುಡುಗಿ, ಹುಡುಗಿಗೆ ಹುಡುಗ ಮನಸ್ಸಿಗೆ ಬಂದದ್ದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು. ಆಗ ಗುರಲಿಂಗಪ್ಪ ಶಲ್ಯದಿಂದ ಮೀಸೆ ಒರೆಸಿಕೊಂಡು, ಖೊಟ್ಟಿ ರೊಕ್ಕದ ಸುದ್ದಿ ಏನೆಂದು ಕೇಳಿದ. ಶೇವಂತೆವ್ವ ಇಲ್ಲೇ ಎಡವಿದಳು. ಇಷ್ಟು ವರ್ಷಕ್ಕೆ ಕೇಳುವವನೊಬ್ಬ ಸಿಕ್ಕನೆಂದು ಹಿಗ್ಗಿ ಡಬ್ಬಿ ತಂದು ಕಂಬಳಿಯ ಮೇಲೆ ಸುರುವಿದಳು. ಅರವತ್ತಮೂರೂ ನಾಣ್ಯಗಳ ಕತೆ ಹೇಳಿದಳು. ಪರಸಪ್ಪ ಬಾಗಿಲ ಮರೆಯಲ್ಲಿ ನಿಂತು ಹಣೆ ಚಚ್ಚಿಕೊಂಡ. ಕೇಳುತ್ತ ಕೇಳುತ್ತ ಗುರಲಿಂಗಪ್ಪ ಚಪ್ಪಲಿಯ ಕಡೆ ನೋಡತೊಡಗಿದ್ದ.

"ನೀವು ಖರೇ ಅಂತೀರಿ, ಊರು ಖೊಟ್ಟಿ ಅಂತೈತಿ. ಸರ್ಕಾರದ್ದೊಂದು ಕಾಗದ ತೋರಸ್ರಿ, ಆಮ್ಯಾಲ ಮುಂದಿನ ಮಾತು" ಎಂದು ಎದ್ದ.

ಅಲ್ಲಿಂದ ಅವಳ ಪಡಿಪಾಟಲು ಶುರುವಾಯಿತು. ಬ್ಯಾಂಕಿಗೆ ಹೋದಳು. ಖೊಟ್ಟಿ ಇದ್ದರೆ ಕತ್ತರಿಸಿ ಕೊಡುತ್ತೇವೆ, ಖರೇ ಇದ್ದರೆ ಬದಲಿಸಿ ಕೊಡುತ್ತೇವೆ, ಕಾಗದ ಕೊಡುವ ಪದ್ಧತಿ ಇಲ್ಲ ಎಂದರು. ಖಜಾನೆಗೆ ಹೋದಳು, ಪೊಲೀಸರ ಕೆಲಸ ಎಂದರು. ಪೊಲೀಸ್ ಠಾಣೆಯಲ್ಲಿ ಫೌಜದಾರರು ಪೂರ್ತಿ ಕೇಳಿ ನಕ್ಕರು. ಖೊಟ್ಟಿ ಎಂದು ಯಾರಾದರೂ ದೂರು ಕೊಟ್ಟರೆ ತನಿಖೆಯಾಗುತ್ತದೆ, ತನಿಖೆಯಾದರೆ ಖೊಟ್ಟಿಯೋ ಖರೆಯೋ ಎಂದು ಕಾಗದ ಬರುತ್ತದೆ. ದೂರೇ ಇಲ್ಲದಿದ್ದರೆ ಬರೆಯುವುದೇನನ್ನು? ರೊಟ್ಟಿ ವ್ಯಾಪಾರ ಬಿಟ್ಟು ಹದಿನೇಳು ಸಲ ಕಾಲು ಸವೆಸಿದ ಮೇಲೆ ಅವಳಿಗೆ ದಕ್ಕಿದ್ದು ಇಷ್ಟು. ತಾನು ಕಳ್ಳಿಯಲ್ಲ ಎನ್ನಿಸಿಕೊಳ್ಳಬೇಕಾದರೆ ಮೊದಲು ಯಾರಾದರೂ ಅವಳನ್ನು ಕಳ್ಳಿ ಎಂದು ಬರೆದುಕೊಡಬೇಕು.

ಅವಳು ನೇರ ಪಾನ್‌ಪಟ್ಟಿ ಅಂಗಡಿಗೆ ಹೋದಳು. "ಖಂಡೆಪ್ಪಾ, ಒಂಬತ್ತು ವರ್ಷದಿಂದ ಬಾಯಿಲೆ ಅಂತಿ. ಒಂದು ಸಲ ಬರದು ಕೊಡು."

ಖಂಡೆಪ್ಪ ಬೆವೆತ. "ಯಕ್ಕಾ, ನಿನ್ನ ರೊಟ್ಟಿ ತಿಂದು ನಿನ್ನ ಮ್ಯಾಲ ನಾ ಹ್ಯಾಂಗ ಬರೀಲಿ?"

"ಹಂಗಾರ ಅನ್ನೂದ್ಯಾಕ?"

"ಅದು ಸುಮ್ನ ಬಾಯಿಗೆ ಬರತೈತಿ."

ಊರ ತುಂಬ ಇದೇ ಕತೆ. ಗಿರಣಿಯವನು ಒಲ್ಲೆನೆಂದ, ಕಿರಾಣಿಯವನು ಕೈ ಮುಗಿದ. ಅನ್ನುವ ನಾಲಗೆ ಸಾವಿರ, ಸಹಿ ಹಾಕುವ ಕೈ ಒಂದೂ ಇಲ್ಲ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಶೇವಂತೆವ್ವ ತನ್ನ ಕೈಲಿದ್ದ ಅಧಿಕಾರ ಚಲಾಯಿಸಿದಳು, ಖಂಡೆಪ್ಪನಿಗೆ ರೊಟ್ಟಿ ನಿಲ್ಲಿಸಿದಳು. ಹೆಂಡತಿ ತೀರಿಹೋದ ಮೇಲೆ ಅವನ ಹೊಟ್ಟೆ ಅವಳ ಬುಟ್ಟಿಯ ಮೇಲೆಯೇ ನಡೆದಿತ್ತು. ಎಂಟು ದಿನ ಡಬಲ್ ರೊಟ್ಟಿ ಚಹದಲ್ಲಿ ಅದ್ದಿಕೊಂಡು ತಿಂದ. ಒಂಬತ್ತನೆಯ ದಿನ ಬಂದು, ಎಲ್ಲಿ ಸಹಿ ಮಾಡಲಿ ಎಂದ. ದೂರಿನ ಅರ್ಜಿ ಬರೆದವರು ಚನ್ನಬಸಯ್ಯ ಮಾಸ್ತರು, ಬರೆಸಿದವಳು ಆರೋಪಿ.

ಪಂಚನಾಮೆ ಮಾಡಿ ಪೊಲೀಸರು ಅರವತ್ತಮೂರು ನಾಣ್ಯಗಳನ್ನು ಅರಿವೆಯ ಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ ಒಯ್ದರು. ಚೀಲ ದೊಡ್ಡ ಊರಿನ ಟಂಕಸಾಲೆಗೆ ಹೋಯಿತು. ಅವಳು ಕಾದಳು. ಮಸೂತಿಯ ಹುಡುಗನೂ ಕಾದ. ಬೇರೆ ಎರಡು ಹುಡುಗಿಯರನ್ನು ಅಪ್ಪ ತೋರಿಸಿದರೂ ಅವನು ತಲೆಯೆತ್ತಿ ನೋಡಲಿಲ್ಲವೆಂದು ಸುದ್ದಿ ಬರುತ್ತಿತ್ತು. ಠಾಣೆಯ ಪೊಲೀಸ ಜೈನುದ್ದೀನ ರೊಟ್ಟಿಗೆ ಬಂದಾಗಲೆಲ್ಲ ಅವಳು "ಕಾಗದ ಬಂತೇನೋ?" ಎಂದು ಕೇಳಿ ಕೇಳಿ, ಕೊನೆಗೆ ಅವನು ಬೇರೆ ಕಡೆ ತಿಂಡಿ ಹುಡುಕಿಕೊಂಡ.

ಹನ್ನೊಂದು ತಿಂಗಳ ಮೇಲೆ ಕಾಗದ ಬಂತು, ಇಂಗ್ಲಿಷಿನಲ್ಲಿ. ಠಾಣೆಯ ಪಡಸಾಲೆಯಲ್ಲಿ ಮಾಸ್ತರು ಓದಿ ಹೇಳಿದರು. ಅರವತ್ತಮೂರೂ ನಾಣ್ಯಗಳು ಸರ್ಕಾರದವೇ, ಒಂದೂ ಖೊಟ್ಟಿಯಲ್ಲ, ತಯಾರಿಕೆಯಲ್ಲಿ ದೋಷವಾಗಿದೆ. ಶೇವಂತೆವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಮಾಸ್ತರು ಮುಂದಿನ ಸಾಲು ಓದಿದರು. ದೋಷದ ನಾಣ್ಯಗಳು ಚಲಾವಣೆಯಲ್ಲಿ ಇರಕೂಡದಾದ್ದರಿಂದ ನಿಯಮದಂತೆ ಎಲ್ಲವನ್ನೂ ಕರಗಿಸಲಾಗಿದೆ, ಅವುಗಳ ಬೆಲೆ ಏಳು ರೂಪಾಯಿ ನಲವತ್ತು ಪೈಸೆಯನ್ನು ಮನಿಯಾರ್ಡರ್ ಮಾಡಲಾಗಿದೆ.

"ಖೊಟ್ಟಿ ಅಂದಿದ್ರ ಪೊಲೀಸರ ಕಪಾಟಿನ್ಯಾಗರ ಬಿದ್ದಿರತಿದ್ವು" ಎಂದು ಅವಳು ಇವತ್ತಿಗೂ ಹಲುಬುತ್ತಾಳೆ. "ಖರೇ ಅಂದ್ರು, ಕರಗಿಸಿದ್ರು. ಒಂಬತ್ತು ವರ್ಷ ಕೂಡಿಸಿದ್ದೆ. ಆ ಎರಡೂ ಕಡೆ ಸಿಂಹ ಇದ್ದದ್ದನ್ನರ ತಿರುಗಿ ಕೊಡಬಾರದೇನ್ರಿ?" ಆ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಟೀಕೆಯ ಪರಸಪ್ಪನೇ ಪಕ್ಕದಲ್ಲಿ ಕೂತು ನೀರಿನ ತಂಬಿಗೆ ಹಿಡಿದಿದ್ದ, ಕಲ್ಲಿನ ಮಾತು ಎತ್ತಲಿಲ್ಲ.

ಹೋಗಲಿ, ಕಾಗದವಾದರೂ ಕೈಗೆ ಬಂತಲ್ಲ, ಮಗಳ ಮದುವೆಗೆ ಅಡ್ಡಿ ಹೋಯಿತಲ್ಲ ಎಂದು ಅವಳು ಸಮಾಧಾನ ತಂದುಕೊಂಡಳು. ಮಸೂತಿಗೆ ಹೇಳಿ ಕಳಿಸಿದಳು. ಹೋದ ತಿಂಗಳು ಗುರಲಿಂಗಪ್ಪ ಬಂದ. ಮಾಸ್ತರಿಂದ ಕಾಗದವನ್ನು ಎರಡು ಸಲ ಓದಿಸಿದ, ಅದರ ಮೇಲಿನ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದ. ಮಗ ಜೊತೆಗೇ ಬಂದಿದ್ದ, ತಲೆ ತಗ್ಗಿಸಿ ಕೂತಿದ್ದ. ಒಳಗೆ ಹಂಚಿನ ಮುಂದೆ ಸುಮಿತ್ರಾಳ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಗುರಲಿಂಗಪ್ಪ ಕಾಗದ ಮಡಚಿ ಕೆಳಗಿಟ್ಟು, "ಅಲ್ರಿ, ಖರೇ ಇದ್ರ ಕರಗಿಸಿದ್ಯಾಕ? ಏನರ ಐಬು ಇದ್ದಿದ್ದಕ್ಕ ಅಲ್ಲೇನು?" ಎಂದ. ಇದನ್ನೂ ಒಂದು ಸಲ ವಿಚಾರಿಸಿ ಇನ್ನೊಂದು ಕಾಗದ ತರಿಸಿದರೆ ಬೀಗರಿಗೆಲ್ಲ ತೋರಿಸಲು ಅನುಕೂಲ ಎಂದೂ ಸೇರಿಸಿದ.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಮೇಲೂ ಸಿಡುಕುವ ಶೇವಂತೆವ್ವ ಆಗ ಸಿಡುಕಲಿಲ್ಲವಂತೆ. ಪರಸಪ್ಪ ಹೇಳುವ ಪ್ರಕಾರ, ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಅವನು ಮೂವತ್ತು ವರ್ಷದ ಸಂಸಾರದಲ್ಲಿ ಕೇಳಿಲ್ಲ.

"ಯಜಮಾನ್ರ, ನನ್ನ ರೊಕ್ಕ ಖೊಟ್ಟಿ ಅಲ್ಲಂತ ನಾ ಸರ್ಕಾರದ ಕಾಗದ ತಂದೇನಿ. ಈಗ ನೀವು ಖೊಟ್ಟಿ ಅಲ್ಲಂತ ಒಂದು ಕಾಗದ ತರ್ರಿ. ಆಮ್ಯಾಲ ಮುಂದಿನ ಮಾತು."

ಗುರಲಿಂಗಪ್ಪ ಎದ್ದುಹೋದ. ಮಗ ಹೊಸ್ತಿಲು ದಾಟುವಾಗ ಒಂದು ಸಲ ಹಿಂತಿರುಗಿ ನೋಡಿ, ಯಾರಿಗೂ ಗೊತ್ತಾಗದಂತೆ ನಕ್ಕನಂತೆ. ಇದನ್ನು ಹೇಳಿದವಳು ಸುಮಿತ್ರಾ.

ಬಾಗೇವಾಡಿ ಬಸ್ಸು ಅಂತೂ ಹೊರಟಿದೆ. ಬುಟ್ಟಿಯಲ್ಲಿ ಇನ್ನು ಹನ್ನೊಂದು ರೊಟ್ಟಿ. ಮಸೂತಿಯಿಂದ ಕಾಗದ ಏನಾದರೂ ಬಂತೇ ಎಂದು ಕೇಳಿದರೆ ಶೇವಂತೆವ್ವ ಸೆರಗು ಕೊಡವಿಕೊಳ್ಳುತ್ತಾಳೆ.

"ಇನ್ನೂ ಇಲ್ರಿ. ಬರಲಿ, ಮಾಸ್ತರ ಕಡೆ ಓದಸ್ತೇನಿ. ಖರೇ ಅಂತ ಬಂದ್ರ ಕರಗಸಾಕ ನಾ ಏನ್ ಸರ್ಕಾರ ಅಲ್ಲ. ಮಗಳನ್ನ ಕೊಡತೇನಿ."