ಸೋಮಯ್ಯನವರ ಬಲಗಣ್ಣು

ಕಾಯ್ಕಿಣಿಯ ಸೋಮಯ್ಯನವರದು ವೆಲ್ಡಿಂಗ್ ಕೆಲಸ. ಮುರ್ಡೇಶ್ವರದ ಎಷ್ಟೋ ಹೋಟೆಲುಗಳ ಮೆಟ್ಟಿಲ ಕಂಬಿ, ಎಷ್ಟೋ ಮನೆಗಳ ಗೇಟು ಅವರ ಕೈಯವು. ಕೆಲಸಕ್ಕೆ ಬರುವುದು ಒಂದೇ ಕಣ್ಣು, ಬಲಗಣ್ಣು. ಎಡಗಣ್ಣಿನ ನಡುವೆ ಒಂದು ಕರಿಕಲೆ. ಅದರಲ್ಲಿ ನೋಡಿದರೆ ಎದುರಿಗೆ ನಿಂತವರಿಗೆ ಮುಖವೇ ಇರುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರು ಮುಖಕ್ಕೆ ಹಿಡಿಯುವ, ಗಾಜು ಒಡೆದ ಶೀಲ್ಡು ಕೊಟ್ಟು, "ಎಂತಾ ಆಗೂದಿಲ್ಲ, ಹೊಡಿ" ಎಂದಿದ್ದ. ಎರಡು ದಿನ ವೆಲ್ಡಿಂಗ್ ಹೊಡೆದರು. ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ. ಉರಿ ಇಳಿದ ಮೇಲೂ ಎಡಗಣ್ಣಿನ ಕಲೆ ಹೋಗಲಿಲ್ಲ. ಬೆಳಕು ಒಳಗೆ ಸುಟ್ಟಿದೆ, ಇನ್ನು ಸರಿಯಾಗುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಕಂಟ್ರಾಕ್ಟರು ಒಮ್ಮೆ ಬಂದು ನೋಡಲೂ ಇಲ್ಲ. ಅವನ ಮನೆಯ ಗೇಟು ಇವತ್ತಿಗೂ ಗಟ್ಟಿಯಾಗಿದೆ, ಸೋಮಯ್ಯನವರೇ ಬೆಸೆದದ್ದು.

ಕಳೆದ ತಿಂಗಳು ಹೊನ್ನಾವರದಲ್ಲಿ ಅವರ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಮರುದಿನ ನೋವು ಕಿವಿಯವರೆಗೆ ಏರಿತು. ನೋವಿನ ಮಾತ್ರೆ ಅವರ ಹುಣ್ಣಿನ ಹೊಟ್ಟೆಗೆ ಆಗುವುದಿಲ್ಲ. ಹೆಂಡತಿ ನಾಗಮ್ಮ ಬಸ್ಸು ಹತ್ತಿಸಿ ಮತ್ತೆ ಹೊನ್ನಾವರಕ್ಕೆ ಕರೆತಂದರು. ಹಲ್ಲಿನ ಡಾಕ್ಟರು ಸುಪ್ರಿಯಾ ಎಕ್ಸ್‌ರೇ ನೋಡಿ, ಕೀವಿಲ್ಲವೆಂದು ಖಾತ್ರಿ ಮಾಡಿಕೊಂಡು, "ನೋವಿಗೆ ಲೇಸರ್ ಬೆಳಕು ಹಿಡಿದು ನೋಡುವ" ಎಂದರು.

ಸಹಾಯಕಿ ಮಾಲಿನಿ ಸೋಮಯ್ಯನವರ ಮೂಗಿನ ಮೇಲೆ ಹಸಿರು ಗಾಜಿನ ಕನ್ನಡಕ ಇಟ್ಟಳು. ಡಾಕ್ಟರೂ ಒಂದು ಹಾಕಿಕೊಂಡು, ಪೆನ್ನಿನಂಥ ಲೇಸರ್ ಯಂತ್ರ ಕೈಗೆತ್ತಿಕೊಂಡರು. ಇಂಥ ಕನ್ನಡಕ ಯಾವಾಗ ಹಾಕುತ್ತಾರೆಂದು ಸೋಮಯ್ಯನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಮಗೆ ಇಟ್ಟದ್ದೋ ಸಡಿಲ. ಮೂಗಿನ ಬದಿಯಲ್ಲಿ ಬೆರಳು ತೂರುವಷ್ಟು ಸಂದು.

"ಇದೆಂತಕ್ಕೆ?"

"ಸುಮ್ನೆ. ಎಂತಾ ಆಗೂದಿಲ್ಲ, ಬಾಯಿ ತೆಗೀರಿ," ಎಂದಳು ಮಾಲಿನಿ.

ಅದೇ ಮಾತು. ಸೋಮಯ್ಯ ಕುರ್ಚಿಯಿಂದ ಎದ್ದೇಬಿಟ್ಟರು.

ನಾಗಮ್ಮನಿಗೆ ನಗು. "ದಿನಾ ಬೆಂಕಿ ಜೊತೆ ಕೂತವ್ರು ಈ ಪೆನ್ನಿನಷ್ಟು ಟಾರ್ಚಿಗೆ ಓಡ್ತ್ರಿ? ನಾಚ್ಕಿ ಇಲ್ಯಾ?"

"ನೀ ಸುಮ್ನಿರು ಮಾರಾಯ್ತಿ. ಹಲ್ಲು ಹೋದ್ರೆ ಗಂಜಿ ಉಣ್ತೆ. ಈ ಕಣ್ಣು ಹೋದ್ರೆ ಎಂತ ಉಣ್ಲಿ?" ಎಂದವರೇ ಡಾಕ್ಟರ ಕಡೆ ತಿರುಗಿದರು. "ಎಂತಾ ಆಗೂದಿಲ್ಲ ಅಂದ್ರೆ ನೀವೆಂತಕ್ಕೆ ಕನ್ನಡಕ ಹಾಕ್ಕಂಡದ್ದು ಡಾಕ್ಟ್ರೆ? ಹಲ್ಲು ಕಿತ್ತು ಹಾಕಿ, ಆತು."

ಸುಪ್ರಿಯಾ ಯಂತ್ರ ಕೆಳಗಿಟ್ಟರು. "ತಪ್ಪಾಯ್ತು, ಮೊದ್ಲೇ ಹೇಳ್ಬೇಕಿತ್ತು. ಇದು ಕಣ್ಣಿಗೆ ಬಿದ್ರೆ ಹಾನಿ ಮಾಡ್ತದೆ. ಅದಕ್ಕೇ ಕನ್ನಡಕ. ಒಸಡು ಸುಡೂದಿಲ್ಲ. ನೋವು ಕಡಿಮೆ ಆಗ್ಬಹುದು. ಎಲ್ರಿಗೂ ಆಗ್ತದೆ ಅಂತ ನಾನು ಹೇಳೂದಿಲ್ಲ. ಬ್ಯಾಡ ಅಂದ್ರೆ ಬಿಡುವ. ಹಲ್ಲು ಮಾತ್ರ ಕೀಳೂದು ಬ್ಯಾಡ."

ಹಾನಿ ಮಾಡ್ತದೆ! ಕೆಲಸ ಮಾಡಿಸಿಕೊಂಡ ಒಬ್ಬನೂ ಇಷ್ಟು ವರ್ಷದಲ್ಲಿ ಅವರಿಗೆ ಹೇಳದ ಮಾತು. ಅಪಾಯ ಕಂಡು ಹೆದರಿದವರನ್ನು ದಡ್ಡರೆಂದು ನಗುತ್ತೇವಲ್ಲ, ನಾಚಿಕೆಯಾಗಬೇಕು ನಮಗೆ.

"ಹಾಂಗಾರೆ ಬಿಗಿ ಇದ್ದದ್ದು ಕೊಡಿ," ಎಂದರು ಸೋಮಯ್ಯ. ಬಿಗಿಯಾದ ಕನ್ನಡಕ ಬಂತು. ಸೋಮಯ್ಯ ಅಂಚಿನ ಸುತ್ತ ಬೆರಳಾಡಿಸಿ, ಸಂದಿಲ್ಲವೆಂದು ನೋಡಿ ಕೂತರು. ಕೋಣೆಯಲ್ಲಿದ್ದವರೆಲ್ಲ ಹಾಕಬೇಕೆಂದು ನಾಗಮ್ಮನಿಗೂ ಒಂದು ಕೊಟ್ಟರು. ಅವರ ನಗು ಅಲ್ಲಿಗೆ ನಿಂತಿತು. ಯಂತ್ರ ಪೀಂ ಎಂದಿತು. ಒಸಡಿನ ಒಳಬದಿಗೆ ಒಂದು ನಿಮಿಷ, ಹೊರಬದಿಗೆ ಒಂದು ನಿಮಿಷ. ಬಿಸಿಯೂ ತಾಗಲಿಲ್ಲ. ಆದರೂ ಕುರ್ಚಿಯ ಕೈ ಹಿಡಿದ ಅವರ ಬೆರಳು ಬಿಳಚಿಕೊಂಡಿದ್ದವು.

ಬಸ್ಸಿನಲ್ಲಿ ಸೋಮಯ್ಯ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ಕಂಡ ಬೋರ್ಡನ್ನೆಲ್ಲ ಓದುತ್ತ ಬಂದರು. ಕಾಸರಕೋಡು. ಮಂಕಿ. ಸಿಮೆಂಟಿನ ಜಾಹೀರಾತು. ಪಕ್ಕದವರು ತಿರುಗಿ ನೋಡಿದರೂ ಬಿಡಲಿಲ್ಲ.

"ಹಲ್ಲು ಹ್ಯಾಂಗದೆ?" ಕೇಳಿದರು ನಾಗಮ್ಮ.

ಸೋಮಯ್ಯ ಆಗ ದವಡೆ ಮುಟ್ಟಿ ನೋಡಿದರು. ನೋವು ಕಿವಿಯಿಂದ ಇಳಿದು ಹಲ್ಲಿನ ಬುಡದಲ್ಲಿ ಸಣ್ಣಗೆ ಕೂತಿತ್ತು. ಅದನ್ನು ಮರೆತೇ ಬಿಟ್ಟಿದ್ದರು.

"ಅದಿರ್ಲಿ. ಆ ಬೋರ್ಡಲ್ಲಿ ಎಂತ ಬರ್ದದೆ ಹೇಳು. ನಾ ಓದಿದ್ದು ಸರಿ ಅದ್ಯಾ ನೋಡ್ವ."